ಪದ ಸಿಗಲ್ವಂತೆ

ಆಫೀಸಿನಲ್ಲಿ ಅವನನ್ನು ಎಲ್ಲರೂ ತಿದ್ದಪ್ಪ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದುಕೊಂಡಿತ್ತು. ಕಣ್ಣಿಗೆ ಬಿದ್ದ ಅಕ್ಷರವನ್ನು ತಿದ್ದದೆ ಬಿಡುವ ಆಸಾಮಿಯೇ ಅಲ್ಲ ಅವನು. ಲಿಫ್ಟಿನ ಬಾಗಿಲಿಗೆ ಅಂಟಿಸಿದ ಸೂಚನೆಗೂ ಅವನ ಪೆನ್ನಿನಿಂದ ಬಿಡುಗಡೆ ಇರಲಿಲ್ಲ. ಒಮ್ಮೆ ಯಾರದೋ ಹುಟ್ಟುಹಬ್ಬದ ಕೇಕಿನ ಮೇಲಿದ್ದ ತಪ್ಪಕ್ಷರವನ್ನು ಚಾಕುವಿನ ತುದಿಯಿಂದ ಸರಿಮಾಡಿ, ಆಮೇಲೆಯೇ ಕತ್ತರಿಸಲು ಬಿಟ್ಟಿದ್ದ. ಐವತ್ತು ದಾಟಿದ ಮನುಷ್ಯನನ್ನು ‘ಅವನು’ ಎನ್ನುವುದು ಮರ್ಯಾದೆಯಲ್ಲ ಎಂದು ನೀವು ಮುಖ ಸಿಂಡರಿಸಬಹುದು. ಆದರೆ ಕಂಡ ಕಂಡ ‘ಅವರು’ಗಳನ್ನೆಲ್ಲ ಹಿಡಿದು ಇಂಗ್ಲಿಷಿನಲ್ಲಿ ‘ಅವನು’ ಮಾಡಿ ಹೊಟ್ಟೆ ಹೊರೆದವನು ಅವನೇ ಅಲ್ಲವೆ? ತನ್ನ ಮದ್ದಿನ ರುಚಿ ತಾನೂ ಒಂದಿಷ್ಟು ನೋಡಲಿ.

ಅವನ ಕೆಲಸ ಹೀಗೆ. ಅಂಗಡಿಗಳ ಬಾಗಿಲಲ್ಲಿ ಕಂಪನಿಯ ಹುಡುಗಿಯರು ನಿಂತು, ಹೊರಗೆ ಬರುವ ಗಿರಾಕಿಗಳನ್ನು ತಡೆದು ಕೇಳುತ್ತಾರೆ: ಏನು ಕೊಂಡಿರಿ, ಏಕೆ ಕೊಳ್ಳಲಿಲ್ಲ, ಮತ್ತೆ ಬರುತ್ತೀರಾ. ಗಿರಾಕಿ ಹೇಳಿದ್ದೆಲ್ಲ ರೆಕಾರ್ಡ್ ಆಗುತ್ತದೆ. ಮಾತು ನಮ್ಮದು, ಆದರೆ ವರದಿಗೆ ದುಡ್ಡು ಕೊಡುವವರಿಗೆ ಇಂಗ್ಲಿಷೇ ಆಗಬೇಕು. ಮನೆಯಲ್ಲೇ ಕೂತು ಕೆಲಸ ಮಾಡುವ ಅನುವಾದಕರು ಅದನ್ನು ಇಂಗ್ಲಿಷಿಗೆ ತಿರುಗಿಸಿ, ಅನುಮಾನ ಬಂದ ಕಡೆ ಒಂದು ಹಳದಿ ಗುರುತು ಹಾಕಿ ಕಳಿಸುತ್ತಾರೆ. ಆ ಹಳದಿ ಗುರುತಿನ ತುಣುಕನ್ನು ಕಿವಿಗೆ ಹಾಕಿಕೊಂಡು ಕೇಳಿ, ಸರಿಯಾದ ಪದ ಕೂರಿಸಿ, ಸಹಿ ಒತ್ತಿ ಮುಂದೆ ಕಳಿಸುವುದು ತಿದ್ದಪ್ಪನ ಪಾಲಿನದು.

‘ನಮ್ಮನೆಯವರು ಬೇಡ ಅಂದ್ರು’ ಎಂದು ಒಬ್ಬ ಹೆಂಗಸು ಹೇಳಿದರೆ ಅನುವಾದಕರು ಕಣ್ಣುಮುಚ್ಚಿ ‘ದೇ ಸೆಡ್ ನೋ’ ಎಂದು ಬರೆಯುತ್ತಿದ್ದರು. ಒಬ್ಬ ಬಡಪಾಯಿ ಗಂಡ ಇಂಗ್ಲಿಷಿಗೆ ಹೋಗುವಷ್ಟರಲ್ಲಿ ದೊಡ್ಡ ಗುಂಪಾಗಿಬಿಡುತ್ತಿದ್ದ. ಅಂಥದೊಂದು ವರದಿ ತಿದ್ದದೆ ಹೋಗಿ, ಈ ಕಡೆಯ ಜನ ಒಂದು ಬಕೆಟ್ ಕೊಳ್ಳಬೇಕಾದರೂ ಕುಟುಂಬವೆಲ್ಲ ಸಭೆ ಸೇರುತ್ತದೆ ಎಂದು ಅರ್ಥವಾಗಿ, ಯಾವುದೋ ಅಂಗಡಿಯವರು ಬಕೆಟ್ಟುಗಳ ಪಕ್ಕದಲ್ಲೇ ಉದ್ದನೆಯ ಸೋಫಾ ಹಾಕಿಸಿದ್ದರಂತೆ. ‘ನೋಡೋಣ’ದ ಕಥೆಯೂ ಅಷ್ಟೆ. ಅದನ್ನು ‘ಲೆಟ್ ಅಸ್ ಸೀ’ ಎಂದು ಬರೆದರೆ ಅಲ್ಲಿ ಕೂತವರು ಗಿರಾಕಿ ಇವತ್ತಲ್ಲ ನಾಳೆ ಬಂದೇ ಬರುತ್ತಾನೆ ಎಂದು ಲೆಕ್ಕ ಹಾಕಿಕೊಳ್ಳುತ್ತಾರೆ. ತಿದ್ದಪ್ಪ ಹೊಸ ಅನುವಾದಕರಿಗೆ ಪಾಠ ಹೇಳುತ್ತಿದ್ದ: ‘ನೋಡೋಣ ಅಂದ್ರೆ ಇಲ್ಲ ಅಂತ. ನೋಡೋಣ ಬಿಡಿ ಅಂದ್ರೆ ಖಂಡಿತ ಇಲ್ಲ ಅಂತ. ನೋಡೇಬಿಡೋಣ ಅಂದ್ರೆ ಮಾತ್ರ ಕೈ ಜೇಬಿಗೆ ಹೋಯ್ತು ಅಂತ ತಿಳ್ಕೊಳ್ಳಿ.’

ಆದರೆ ಅವನ ಜನ್ಮವೈರಿ ಅಂದರೆ ‘ಇಟ್ ಸೀಮ್ಸ್’. ನಮ್ಮವರು ಮಾತಿನ ಕೊನೆಗೆ ‘ಅಂತೆ’ ಅಂದರೆ ಸಾಕು, ಅನುವಾದಕರ ಕೈ ತಾನೇತಾನಾಗಿ ‘ಇಟ್ ಸೀಮ್ಸ್’ ಎಂದು ಟೈಪು ಮಾಡುತ್ತದೆ. ಆ ಅಂಗಡಿಯಲ್ಲಿ ಅಗ್ಗವಂತೆ, ಇಟ್ ಸೀಮ್ಸ್. ಬಣ್ಣ ಹೋಗುವುದಿಲ್ಲವಂತೆ, ಇಟ್ ಸೀಮ್ಸ್. ಅದನ್ನು ಕಂಡರೆ ತಿದ್ದಪ್ಪನಿಗೆ ಮೈಯೆಲ್ಲ ಉರಿ. ಇಂಗ್ಲಿಷಿನಲ್ಲಿ ಅದು ಆಡುವವನ ಸ್ವಂತ ಊಹೆ. ‘ಅಂತೆ’ ಹಾಗಲ್ಲ, ಅದರ ಹಿಂದೆ ಇನ್ನೊಬ್ಬರು ನಿಂತಿರುತ್ತಾರೆ. ಹೇಳಿದವರು ಯಾರು, ಈಕೆ ಅದನ್ನು ನಂಬಿದ್ದಾಳೋ, ಗೇಲಿ ಮಾಡುತ್ತಿದ್ದಾಳೋ, ಹೊಟ್ಟೆಯಲ್ಲಿ ನುಂಗಿಕೊಂಡು ಸುಮ್ಮನಿದ್ದಾಳೋ, ಅದನ್ನು ಧ್ವನಿಯಲ್ಲಿ ಹುಡುಕಬೇಕು. ಹುಡುಕಿ ಪದ ಹಾಕಬೇಕು. ಅದರಲ್ಲಿ ತನ್ನ ಕಿವಿಗೆ ಸಮನಿಲ್ಲ ಎಂದು ಅವನಿಗೆ ಒಳಗೊಳಗೇ ಜಂಬವೂ ಇತ್ತು. ಇತ್ತು ಎಂದೆ. ಈಗ ಇಲ್ಲ.

ಸಂಜೆ ಕೆಲಸ ಮನೆಗೂ ಬರುತ್ತಿತ್ತು. ಮನೆಯಲ್ಲಿ ಅವನದೊಂದು ಸಣ್ಣ ಕೋಣೆ: ಗೋಡೆಗೆ ಒತ್ತಿದ ಮೇಜು, ಒಂದು ಕಪಾಟು, ಒಂದು ದೀಪ, ಒಂದು ಕುರ್ಚಿ. ಹೆಂಡತಿ ಶಾಲೆಯೊಂದರ ಗ್ರಂಥಾಲಯದಲ್ಲಿ ಕೆಲಸಕ್ಕಿದ್ದಳು. ಮಕ್ಕಳಿರಲಿಲ್ಲ. ಅವಳು ಬಂದು ಕೈಕಾಲು ತೊಳೆದು, ಚೌಕಟ್ಟಿಗೆ ಹೆಗಲು ಕೊಟ್ಟು ಆ ಕೋಣೆಯ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಅವನು ಹೆಡ್‌ಫೋನಿನ ಒಂದು ಬದಿಯನ್ನು ಎತ್ತಿ ಕಿವಿಯ ಹಿಂದೆ ಸರಿಸುತ್ತಿದ್ದ. ಆ ಒಂದು ಕಿವಿಯೇ ಅವಳ ಪಾಲು. ಇನ್ನೊಂದು ಕಿವಿಯಲ್ಲಿ ಯಾರೋ ಗಿರಾಕಿ ಸೋಪಿನ ಬಗ್ಗೆ ದೂರುತ್ತಲೇ ಇರುತ್ತಿದ್ದಳು.

ಊಟಕ್ಕೆ ಕೂತಾಗ ಅವನು ‘ಇಟ್ ಸೀಮ್ಸ್’ ಪುರಾಣ ತೆಗೆದರೆ ಅವಳು ನಗುತ್ತಿದ್ದಳು. ‘ಪಾಪ, ಇಂಗ್ಲಿಷ್‌ನೋರಿಗೆ ಅಂತೆ ಅನ್ನೋದೇ ಇಲ್ವಂತೆ! ಚಾಡಿ ಹೆಂಗೆ ಹೇಳ್ತಾರೋ ಏನೋ’ ಅನ್ನುತ್ತಿದ್ದಳು. ಮಾತಿನಲ್ಲಿ ಚುರುಕು. ಅವನ ಹತ್ತಿರ ಪದಗಳಿದ್ದವು, ಮಾತಿದ್ದದ್ದು ಅವಳ ಹತ್ತಿರ.

ಅವಳು ತೀರಿಕೊಂಡು ಒಂದೂವರೆ ವರ್ಷವಾಗಿತ್ತು. ಹೊಟ್ಟೆಯ ಕಾಯಿಲೆ, ಗೊತ್ತಾದ ಮೇಲೆ ಬಹಳ ದಿನ ಉಳಿಯಲಿಲ್ಲ. ಆಮೇಲೂ ಅವನು ಸಂಜೆ ಆ ಕೋಣೆಯಲ್ಲಿ ಕೂರುತ್ತಿದ್ದ. ಬೆನ್ನ ಹಿಂದೆ ಬಾಗಿಲಲ್ಲಿ ಯಾರೋ ಬಂದು ನಿಂತ ಹಾಗಾಗುತ್ತಿತ್ತು. ಕೈ ತಾನಾಗಿಯೇ ಮೇಲೆ ಹೋಗಿ ಹೆಡ್‌ಫೋನು ಸರಿಸುತ್ತಿತ್ತು. ತಿರುಗಿದರೆ ಯಾರೂ ಇಲ್ಲ. ಇದು ದಿನವೂ ಆಗತೊಡಗಿದ ಮೇಲೆ ಬಾಗಿಲಿಗೆ ಬೆನ್ನು ಕೊಟ್ಟು ಕೂರಲಾರದೆ ಮೇಜನ್ನೇ ತಿರುಗಿಸಿಬಿಟ್ಟ. ಅದರಿಂದ ಏನೂ ಸುಖವಾಗಲಿಲ್ಲ. ಮೊದಲು ಅವಳು ಇಲ್ಲದಿರುವುದು ಬೆನ್ನಿಗೆ ತಿಳಿಯುತ್ತಿತ್ತು, ಈಗ ಕಣ್ಣಿಗೇ ಕಾಣುತ್ತಿತ್ತು.

ಹೀಗಿರುವಾಗ ಆಫೀಸಿಗೆ ಒಂದು ಹಳೆಯ ಕೆಲಸ ಜೀವ ತಳೆದು ಬಂತು. ಕುರ್ಚಿ ಮೇಜು ಮಾರುವ ದೊಡ್ಡ ಅಂಗಡಿಯೊಂದರ ಸಮೀಕ್ಷೆ. ಎರಡು ವರ್ಷದ ಹಿಂದೆ ರೆಕಾರ್ಡ್ ಮಾಡಿ, ಅಂಗಡಿಯವರು ಯಾಕೋ ಹಿಂದೆಗೆದದ್ದರಿಂದ ಮೂಲೆಗೆ ಬಿದ್ದಿತ್ತು. ಈಗ ಅವರಿಗೆ ಮತ್ತೆ ಬೇಕಾಗಿದೆ, ಅದೂ ಮನೆಗೆ ಬೆಂಕಿ ಬಿದ್ದವರ ಹಾಗೆ ಅವಸರ. ಈ ಎರಡು ವರ್ಷದಲ್ಲಿ ನಿಯಮಗಳು ಬದಲಾಗಿದ್ದವು. ಗಿರಾಕಿಯ ಗುರುತು ಸಿಗಬಾರದೆಂದು ಈಗ ಉತ್ತರ ಹೇಳುವವರೆಲ್ಲರ ಧ್ವನಿಯನ್ನೂ ಯಂತ್ರಕ್ಕೆ ಕೊಟ್ಟು ಬದಲಾಯಿಸುತ್ತಾರೆ. ಹೆಂಗಸು, ಗಂಡಸು, ಮುದುಕಿ, ಹುಡುಗ, ಎಲ್ಲರದೂ ಒಂದೇ ಸ್ವರ. ತಗ್ಗಿದ, ಸಪಾಟಾದ, ಬಾವಿಯ ತಳದಲ್ಲಿ ಕೂತು ಮಾತಾಡಿದಂಥ ಸ್ವರ. ಏರಿಳಿತವೆಲ್ಲ ಮಾಯ. ‘ಹೆಣದ ಕೈಲಿ ಮಾತಾಡಿಸಿ ನನ್ನ ಕೈಲಿ ಭಾವ ಹುಡುಕ್ಸಿ’ ಎಂದು ತಿದ್ದಪ್ಪ ಗೊಣಗಿದ್ದ. ಹಾಗೆಂದು ತಮಾಷೆಗೆ ಅಂದದ್ದು.

ಆಫೀಸಿನಲ್ಲಿ ಕೇಳುವ ಕೋಣೆ ಎಂದು ಬೇರೆಯೇ ಒಂದಿತ್ತು. ಕಿಟಕಿಯಿಲ್ಲ, ಗೋಡೆಗೆಲ್ಲ ಬೂದು ಬಣ್ಣದ ಸ್ಪಂಜು. ಫೋನನ್ನು ಹೊರಗಿನ ಡಬ್ಬದಲ್ಲಿಟ್ಟೇ ಒಳಗೆ ಹೋಗಬೇಕು. ಅವತ್ತು ಊಟಕ್ಕೆ ಮುಂಚೆ ಅವನು ಅಲ್ಲಿ ಕೂತು ತುಣುಕುಗಳನ್ನು ಒಂದೊಂದಾಗಿ ಮುಗಿಸುತ್ತಿದ್ದ. ಒಂದರಲ್ಲಿ ಅನುವಾದಕಿ ‘ಹಾಫ್ ಮೈಂಡೆಡ್ ಕಲರ್’ ಎಂದು ಬರೆದು, ಪಕ್ಕದಲ್ಲಿ ‘ಸಾರ್, ಇದೇನೋ ಅರ್ಥ ಆಗ್ಲಿಲ್ಲ, ನೋಡಿ’ ಎಂದು ಹಳದಿ ಗುರುತು ಹಾಕಿದ್ದಳು. ತಿದ್ದಪ್ಪ ನಕ್ಕು ತುಣುಕು ಒತ್ತಿದ.

ಬಾವಿಯ ತಳದ ಸ್ವರ ಹೇಳಿತು: ‘ಕುರ್ಚಿ ಚೆನ್ನಾಗಿದೆ. ಬಣ್ಣ ಮಾತ್ರ ಅರೆಮನಸ್ಸಿಂದು. ಹಸಿರೂ ಅಲ್ಲ, ನೀಲಿನೂ ಅಲ್ಲ.’

ಅವನ ನಗು ಅಲ್ಲೇ ನಿಂತಿತು. ಅರೆಮನಸ್ಸಿನ ಬಣ್ಣ. ಈ ಭೂಮಿಯ ಮೇಲೆ ಆ ಮಾತನ್ನು ಒಬ್ಬಳ ಬಾಯಲ್ಲಿ ಮಾತ್ರ ಅವನು ಕೇಳಿದ್ದ. ಪರದೆ ಬಟ್ಟೆ ಆರಿಸುವಾಗ, ಮೋಡ ಮುಚ್ಚಿದ ಆಕಾಶ ನೋಡುವಾಗ, ಅವನ ಹಳೇ ಶರಟನ್ನು ಒರೆಸುವ ಬಟ್ಟೆ ಮಾಡುವಾಗ ಅವಳು ಆಡುತ್ತಿದ್ದ ಮಾತು. ಅವನು ತುಣುಕನ್ನು ಮತ್ತೆ ಒತ್ತಿದ. ಮತ್ತೆ ಒತ್ತಿದ. ಸ್ವರ ಅವಳದಲ್ಲ; ಯಾರದೂ ಅಲ್ಲ. ಮಾತು ಅವಳದೇ.

ಊಟ ಬಿಟ್ಟು ನೇರ ನಾದಿನಿಯ ಮನೆಗೆ ಹೋದ. ಹೆಂಡತಿಯ ತಂಗಿ, ಬಟ್ಟೆ ಹೊಲಿಯುವವಳು, ಮುಂದಿನ ಕೋಣೆಯಲ್ಲೇ ಮಷಿನ್ನು ಹಾಕಿಕೊಂಡಿದ್ದಳು. ಈ ಹೊತ್ತಿನಲ್ಲಿ ಭಾವನನ್ನು ಕಂಡು ಕಾಲನ್ನು ಪೆಡಲಿನಿಂದ ತೆಗೆದಳು.

‘ಏನ್ ಭಾವ, ಮುಖ ಹಿಂಗ್ಯಾಕಾಗಿದೆ? ಹುಷಾರಿಲ್ವಾ?’

‘ಏನಿಲ್ಲ. ಒಂದು ಕೇಳ್ಬೇಕಿತ್ತು. ಅರೆಮನಸ್ಸಿನ ಬಣ್ಣ ಅಂತ ನಿಮ್ಮಕ್ಕ ಹೇಳ್ತಿದ್ಲಲ್ಲ, ಅದು ನಿಮ್ಮ ಮನೆ ಕಡೆ ಮಾತಾ? ಎಲ್ಲಾರೂ ಹೇಳ್ತಾರಾ?’

ಅವಳು ನಗಲೋ ಬೇಡವೋ ಎನ್ನುವಂತೆ ಅವನನ್ನೇ ನೋಡಿದಳು. ‘ನಮ್ಮ ಕಡೆ ಮಾತು ಎಲ್ಲಿಂದ ಬಂತು? ಅದು ನಿಮ್ದು ಭಾವ. ನಿಮ್ಮ ಕೋಣೆಗೆ ಬಣ್ಣ ಹೊಡೆಸ್ದಾಗ ನೀವೇ ಅಂದಿದ್ರಂತೆ, ಇದೇನಿದು ಅರೆಮನಸ್ಸಿನ ಬಣ್ಣ ಅಂತ. ಅಕ್ಕ ಅದನ್ನ ಕಂಡೋರ ಹತ್ರೆಲ್ಲ ಹೇಳ್ಕೊಂಡು ನಕ್ಕಿದ್ದೇ ನಕ್ಕಿದ್ದು. ನಮ್ಮೆಜಮಾನ್ರಿಗೆ ಅಪರೂಪಕ್ಕೆ ಒಂದು ಮಾತು ಬಂತು ಕಣೇ ಅಂತ.’

ಅವನಿಗೆ ನೆನಪೇ ಇರಲಿಲ್ಲ. ತಾನು ಆಡಿ ಮರೆತ ಒಂದು ಮಾತನ್ನು ಅವಳು ಇಷ್ಟು ವರ್ಷ ಸೆರಗಿನಲ್ಲಿ ಗಂಟು ಹಾಕಿಕೊಂಡು ಓಡಾಡಿದ್ದಳು. ಅದನ್ನು ಅವಳ ಸ್ವಂತದ್ದೆಂದೇ ಅವನು ತಿಳಿದಿದ್ದ.

‘ಯಾಕ್ ಭಾವ, ಈಗ ಯಾಕದು?’

‘ಸುಮ್ನೆ,’ ಎಂದು ಎದ್ದ. ಗಿರಾಕಿಯ ಗುರುತನ್ನು ಯಾರಿಗೂ ಹೇಳುವುದಿಲ್ಲ ಎಂದು ಅವನು ಕಂಪನಿಗೆ ಬರೆದುಕೊಟ್ಟಿದ್ದ. ಅದು ಅಡ್ಡ ಬರದಿದ್ದರೂ ಹೇಳುತ್ತಿರಲಿಲ್ಲವೇನೋ. ಏನೆಂದು ಹೇಳುವುದು? ಬಾವಿಯಿಂದ ನಿಮ್ಮಕ್ಕ ಮಾತಾಡಿದಳು ಎಂದೇ?

ಸಮೀಕ್ಷೆಯ ಕೆಲಸ ನೋಡಿಕೊಳ್ಳುತ್ತಿದ್ದ ಮೇಡಂ ಚಿಕ್ಕ ವಯಸ್ಸಿನವಳು, ಕೆಟ್ಟವಳಲ್ಲ, ಸದಾ ಒಂದು ಗಡುವನ್ನು ಬೆನ್ನಿಗೆ ಕಟ್ಟಿಕೊಂಡೇ ನಡೆಯುವಂಥವಳು. ಅವನು ಆಫೀಸಿಗೆ ಮರಳಿ ಆ ಗಿರಾಕಿಯ ಪೂರ್ತಿ ರೆಕಾರ್ಡಿಂಗ್ ಬೇಕು ಎಂದಾಗ ಕಣ್ಣರಳಿಸಿದಳು.

‘ಪೂರ್ತಿ ಯಾಕೆ ಸಾರ್? ಇರೋದೇ ಎರಡು ಹಳದಿ ಗುರುತು.’

‘ಹಿಂದೆ ಮುಂದೆ ಗೊತ್ತಿಲ್ದೆ ಪದ ಹಾಕಕ್ಕಾಗಲ್ಲಮ್ಮ.’

‘ನಿಮ್ಗೇ ಆಗಲ್ವಾ?’ ಎಂದು ನಕ್ಕಳು. ‘ಸರಿ, ತೆರೆದು ಕೊಡ್ತೀನಿ. ಆದ್ರೆ ಇವತ್ತು ಸಂಜೆ ಒಳಗೆ ಸಹಿ ಒತ್ಬೇಕು. ನಾಳೆಗಂತೂ ಇಟ್ಕೋಬೇಡಿ. ಒತ್ತಿದ ಮೇಲೆ ಆಡಿಯೋ ಅಳಿಸಿ ಹೋಗುತ್ತೆ, ಗೊತ್ತಲ್ಲ. ಆಮೇಲೆ ಇನ್ನೊಂದ್ಸಲ ಕೇಳ್ಬೇಕಿತ್ತು ಅಂದ್ರೆ ಬ್ರಹ್ಮ ಬಂದ್ರೂ ಆಗಲ್ಲ.’

ಗೊತ್ತಿತ್ತು. ಧ್ವನಿಯನ್ನು ಅಕ್ಷರಕ್ಕೆ ಇಳಿಸಿ ಮುಗಿದ ಮೇಲೆ ಧ್ವನಿಯನ್ನು ಇಟ್ಟುಕೊಳ್ಳುವ ಹಾಗಿಲ್ಲ. ಇಷ್ಟು ದಿನ ಅದು ಅವನಿಗೆ ಬರೀ ಒಂದು ನಿಯಮವಾಗಿತ್ತು. ಸಾವಿರಾರು ಜನರನ್ನು ಹಾಗೆ ಒಂದು ಗುಂಡಿ ಒತ್ತಿ ಅಳಿಸಿದ್ದ, ಒಮ್ಮೆಯೂ ಕೈ ತಡೆದಿರಲಿಲ್ಲ.

ಮಧ್ಯಾಹ್ನ ಮತ್ತೆ ಆ ಸ್ಪಂಜಿನ ಕೋಣೆ ಸೇರಿ ಎರಡೂ ಕಿವಿ ಮುಚ್ಚಿಕೊಂಡು ಕೂತ. ರೆಕಾರ್ಡಿಂಗಿನ ಮೊದಲಿಗೆ ಅಂಗಡಿ ಬಾಗಿಲ ಗದ್ದಲ, ಆಮೇಲೆ ಪ್ರಶ್ನೆ ಕೇಳುವ ಹುಡುಗಿ ಪಾಠ ಒಪ್ಪಿಸಿದಂತೆ ಕಂಪನಿಯ ಹೆಸರು ಹೇಳಿ, ಮಾತು ರೆಕಾರ್ಡ್ ಆಗುತ್ತದೆ, ಪರವಾಗಿಲ್ಲವೇ ಎಂದಳು. ಅಷ್ಟು ಹೊತ್ತಿಗೆ ಬಾವಿಯ ಸ್ವರ ಬಂತು.

‘ಇದನ್ನ ಯಾರು ಕೇಳ್ತಾರೆ?’

‘ನಮ್ಮ ಆಫೀಸಲ್ಲಿ ಕೇಳ್ತಾರೆ ಮೇಡಂ. ಇಂಗ್ಲಿಷ್ ಸರಿ ಮಾಡೋಕೆ ಒಬ್ರು ಇದ್ದಾರೆ. ಸಾರ್ ತುಂಬಾ ಸ್ಟ್ರಿಕ್ಟು.’

‘ಪೂರ್ತಿ ಕೇಳ್ತಾರಾ?’

‘ಒಂದೊಂದು ಮಾತೂ ಕೇಳ್ತಾರೆ.’

ಆಮೇಲೆ ಆ ಸ್ವರ ‘ಹಾಗಾದ್ರೆ ಸರಿ. ಕೇಳಿ’ ಎಂದಿತು.

ತಿದ್ದಪ್ಪ ರೆಕಾರ್ಡಿಂಗ್ ನಿಲ್ಲಿಸಿದ. ಹುಡುಗಿಗೆ ಹೇಳಿದ್ದೋ ‘ಕೇಳಿ’ ಎಂದು, ಬೇರೆಯವರಿಗೋ? ಅಂಗಡಿಯ ಬಾಗಿಲಲ್ಲಿ ಗಂಡನ ಕಂಪನಿಯ ಹೆಸರು ಕೇಳಿದ್ದಾಳೆ. ಕೇಳಿಯೂ ತನ್ನ ಗಂಡ ಅಲ್ಲೇ ಇರುವುದು ಎಂದು ಹೇಳಲಿಲ್ಲ. ಮನೆಗೆ ಬಂದೂ ಇಂಥದಾಯಿತು ಎನ್ನಲಿಲ್ಲ. ಅವನು ಕೇಳಲಿ ಎಂದು ಅಲ್ಲಿ ಮಾತಾಡಿ ಬಂದು, ಕೇಳಿದನೋ ಇಲ್ಲವೋ ಎಂದು ಬಾಗಿಲಲ್ಲಿ ನಿಂತು ನೋಡಿದಳೋ ಏನೋ. ಸಮೀಕ್ಷೆ ಮೂಲೆಗೆ ಬಿತ್ತೆಂದು ಅವಳಿಗೆ ಹೇಳಿದವರು ಯಾರು?

ಹುಡುಗಿ ಕೇಳಿದಳು, ‘ಯಾವುದು ನೋಡೋಕೆ ಬಂದಿದ್ರಿ?’

‘ಒಂದು ಕುರ್ಚಿ.’

‘ಯಾರಿಗೆ ಮೇಡಂ?’

‘ನಂಗೇ. ಮನೇಲಿ ಅವರು ಕೆಲಸ ಮಾಡೋ ಕೋಣೇಲಿ ಒಂದೇ ಕುರ್ಚಿ ಇರೋದು. ಇನ್ನೊಂದು ಹಾಕಿದ್ರೆ ನಾನೂ ಸುಮ್ನೆ ಕೂತ್ಕೋಬಹುದು.’

‘ಮನೇಲಿ ಕೇಳಿದ್ರಾ?’

‘ಕೇಳ್ದೆ. ನೋಡೋಣ ಅಂದ್ರು.’

ಅನುವಾದಕಿ ‘ದೇ ಸೆಡ್, ಲೆಟ್ ಅಸ್ ಸೀ’ ಎಂದು ಬರೆದಿದ್ದಳು. ತಿದ್ದಪ್ಪ ‘ಹೀ ಸೆಡ್ ನೋ’ ಎಂದು ಮಾಡಿದ. ಅಭ್ಯಾಸ ಅಷ್ಟು ಗಟ್ಟಿ. ಮಾಡಿಯಾದ ಮೇಲೆ ಆ ಮೂರು ಪದಗಳನ್ನು ನೋಡುತ್ತಾ ಕೂತ. ಯಾವಾಗ ಕೇಳಿದ್ದಳು? ತಾನು ಯಾವಾಗ ನೋಡೋಣ ಎಂದದ್ದು? ಒಂದು ಕಿವಿಯಲ್ಲಿ ಕೇಳಿ ಅರ್ಧ ಬಾಯಲ್ಲಿ ಹೇಳಿದ್ದಕ್ಕೆ ನೆನಪು ಎಲ್ಲಿಂದ ಬರಬೇಕು?

ಕುರ್ಚಿಯ ಬೆಲೆ, ಬಣ್ಣ, ಕಾಲು, ಕೈ ಎಲ್ಲದರ ಮಾತೂ ಆಯಿತು. ಕೊನೆಗೆ ಹುಡುಗಿ ತನ್ನ ಹಾಳೆಯಲ್ಲಿದ್ದ ಪ್ರಶ್ನೆ ಓದಿದಳು: ‘ಹಾಗಾದ್ರೆ ಇವತ್ತು ತಗೊಳ್ಳದೆ ಹೋಗೋಕೆ ಮುಖ್ಯ ಕಾರಣ ಏನು?’

ಸ್ವರ ಹೇಳಿತು: ‘ಕಾರಣ ಏನಿಲ್ಲ. ನಾನು ಕೂತ್ರೆ ಅವರಿಗೆ ಪದ ಸಿಗಲ್ವಂತೆ.’

ಇದು ಎರಡನೆಯ ಹಳದಿ ಗುರುತು. ‘ಇಫ್ ಐ ಸಿಟ್, ದೇ ಡೋಂಟ್ ಗೆಟ್ ವರ್ಡ್ಸ್, ಇಟ್ ಸೀಮ್ಸ್’ ಎಂದು ಬರೆದಿದ್ದ ಅನುವಾದಕಿಗೆ ತಾನು ಬರೆದದ್ದು ತನಗೇ ಅರ್ಥವಾಗಿರಲಿಲ್ಲ. ತಿದ್ದಪ್ಪನಿಗೆ ಅರ್ಥವಾಯಿತು. ಇನ್ನು ಅನುಮಾನಕ್ಕೆ ಎಡೆಯಿರಲಿಲ್ಲ, ಏಕೆಂದರೆ ಈ ಮಾತು ಅವನಿಗೆ ನೆನಪಿತ್ತು. ಒಂದು ಸಂಜೆ ಅವಳು ಅಡುಗೆಮನೆಯ ಸ್ಟೂಲು ಎತ್ತಿಕೊಂಡು ಬಂದು ಅವನ ಮೇಜಿನ ಪಕ್ಕ ಹಾಕಿ, ಮಡಿಲಲ್ಲಿ ಪುಸ್ತಕವಿಟ್ಟುಕೊಂಡು ಕೂತಿದ್ದಳು. ಒಂದು ಮಾತೂ ಆಡಿರಲಿಲ್ಲ. ಅವನೇ ಹೆಡ್‌ಫೋನು ತೆಗೆಯದೆ ‘ನೀನಿಲ್ಲಿ ಕೂತ್ರೆ ನಂಗೆ ಪದ ಸಿಗಲ್ಲ’ ಎಂದಿದ್ದ. ಅವಳು ಸ್ಟೂಲು ಎತ್ತಿಕೊಂಡು ಹೋದಳು. ಆಮೇಲೆಂದೂ ಬಾಗಿಲು ದಾಟಿ ಒಳಗೆ ಬರಲಿಲ್ಲ.

ಈಗ ‘ಅಂತೆ’ಗೆ ಇಂಗ್ಲಿಷ್ ಬೇಕಾಗಿತ್ತು.

‘ಅಪ್ಯಾರೆಂಟ್ಲಿ’ ಎಂದು ಹಾಕಬಹುದು. ಹಾಕಿದರೆ ಅವಳು ಹುಬ್ಬು ಹಾರಿಸಿ ಗೇಲಿ ಮಾಡುತ್ತಿದ್ದಾಳೆ ಎಂದಾಗುತ್ತದೆ. ಅಯ್ಯೋ, ನಮ್ಮ ಯಜಮಾನರ ಗತ್ತು ನೋಡಿ, ಪದ ಸಿಗಲ್ವಂತೆ! ಹಾಗೆ ಅಂದಿರಲಿ ಎಂದು ಅವನ ಜೀವ ಬಡಿದುಕೊಂಡಿತು. ಗೇಲಿ ಮಾಡಿದವಳಿಗೆ ಗಾಯವಾಗಿರುವುದಿಲ್ಲ. ‘ಹೀ ಸೇಸ್’ ಎಂದು ಹಾಕಬಹುದು, ಅದರಲ್ಲಿ ಯಾವ ಬಣ್ಣವೂ ಇಲ್ಲ; ಅವರು ಹೀಗನ್ನುತ್ತಾರೆ, ಇರಲಿ ಬಿಡಿ ಎಂದಂತೆ. ‘ಹೀ ಟೋಲ್ಡ್ ಮಿ’ ಎಂದೂ ಹಾಕಬಹುದು. ಅದು ಒಂದು ಸಂಜೆಯ ಮಾತು. ಮುಖಕ್ಕೆ ಹೇಳಿದ್ದು, ಕೇಳಿಸಿಕೊಂಡದ್ದು, ಮರೆಯದೆ ಉಳಿದದ್ದು. ಮೂರು ಪದಕ್ಕೆ ಮೂರು ಸಂಸಾರ. ಅವನು ಬದುಕಿದ್ದು ಯಾವುದರಲ್ಲಿ?

ಧ್ವನಿ ಕೇಳಿದ್ದರೆ ಒಂದೇ ಏಟಿಗೆ ಹೇಳುತ್ತಿದ್ದ. ಅವಳ ‘ಅಂತೆ’ಯ ಕೊನೆಯ ಎಳೆ ಮೇಲಕ್ಕೆ ಹೋದರೆ ಗೇಲಿ, ಕೆಳಗಿಳಿದರೆ ನೋವು. ಯಂತ್ರ ಎರಡನ್ನೂ ಉಜ್ಜಿ ಸಮ ಮಾಡಿತ್ತು. ಅವನು ಆ ಒಂದು ಸಾಲನ್ನು ಎಷ್ಟು ಸಲ ತಿರುಗಿಸಿದನೋ, ಕಿವಿಯ ಹಾಲೆ ಬಿಸಿಯೇರಿತು. ಸಿಗಲ್ವಂತೆ. ಸಿಗಲ್ವಂತೆ. ಕೊನೆಕೊನೆಗೆ ಅದು ಮಾತಾಗಿಯೂ ಉಳಿಯಲಿಲ್ಲ.

ಆಗ ಇನ್ನೊಂದು ‘ಅಂತೆ’ ನೆನಪಾಯಿತು. ಅವನು ಕರೆದಿರಲಿಲ್ಲ, ಅದೇ ಬಂತು. ಅವಳು ಒಬ್ಬಳೇ ಆಸ್ಪತ್ರೆಗೆ ಹೋಗಿ ಬಂದ ದಿನ. ಅದೇ ಬಾಗಿಲು, ಅದೇ ಚೌಕಟ್ಟು. ಅವನು ಒಂದು ಕಿವಿ ಸರಿಸಿ ‘ಏನಂದ್ರು ಡಾಕ್ಟ್ರು?’ ಎಂದು ಕೇಳಿದ್ದ. ‘ಗಾಬರಿ ಆಗೋದೇನಿಲ್ವಂತೆ’ ಎಂದಿದ್ದಳು. ‘ಒಳ್ಳೇದಾಯ್ತು ಬಿಡು’ ಎಂದು ಅವನು ಹೆಡ್‌ಫೋನು ಹಾಕಿಕೊಂಡಿದ್ದ. ಡಾಕ್ಟರು ಹಾಗೆ ಅಂದೇ ಇರಲಿಲ್ಲ. ಮರುದಿನವೇ ಗಂಡನನ್ನು ಕರೆದುಕೊಂಡು ಬನ್ನಿ, ತಡಮಾಡಬೇಡಿ ಎಂದಿದ್ದರು. ಅದು ಅವನಿಗೆ ಗೊತ್ತಾಗುವಷ್ಟರಲ್ಲಿ ತಿಂಗಳು ಕಳೆದಿತ್ತು.

ಅವತ್ತು ಧ್ವನಿ ಇತ್ತು. ಯಂತ್ರ ಮುಟ್ಟದ, ಅವಳದೇ ಗಂಟಲಿನ ಧ್ವನಿ, ನಾಲ್ಕು ಹೆಜ್ಜೆ ಆಚೆ. ಪರರ ‘ಅಂತೆ’ಗಳನ್ನೆಲ್ಲ ಜರಡಿ ಹಿಡಿದವನಿಗೆ ಮನೆಯ ‘ಅಂತೆ’ ಕೇಳಿಸಲಿಲ್ಲ. ಅಂಥವನು ಇವತ್ತು ಯಂತ್ರವನ್ನು ಬೈದು ಏನು ಬಂತು? ಆ ಕೋಣೆಯಲ್ಲಿ ಕೂರಲು ಇನ್ನೊಂದು ಕುರ್ಚಿ ಇದ್ದಿದ್ದರೆ ಅವಳು ಕೂತು, ಸುಧಾರಿಸಿಕೊಂಡು, ಮುಂದಿನ ಮಾತನ್ನೂ ಆಡುತ್ತಿದ್ದಳೋ ಏನೋ. ನಿಂತವರು ಎಷ್ಟು ಹೊತ್ತೆಂದು ನಿಲ್ಲುತ್ತಾರೆ? ಅವನು ಮೇಜಿಗೆ ಹಣೆ ಕೊಟ್ಟು ಅತ್ತ. ಆ ಸ್ಪಂಜಿನ ಕೋಣೆಯಿಂದ ಒಂದು ಚೂರು ಸದ್ದೂ ಆಚೆ ಹೋಗುವುದಿಲ್ಲ.

ಮೇಡಂ ಬಾಗಿಲು ತಟ್ಟಿ ತಲೆ ಒಳಗೆ ಹಾಕಿದಾಗ ಅವನು ಮುಖ ಒರೆಸಿಕೊಂಡು ಪರದೆ ನೋಡುತ್ತಿದ್ದ.

‘ಸಾರ್, ಇನ್ನೂ ಅದೇನಾ? ಎಲ್ಲಿ, ನೋಡೋಣ.’ ಬಗ್ಗಿ ಸಾಲು ಓದಿದಳು. ‘ಇದಾ? ಇದಕ್ಕೂ ಕುರ್ಚಿಗೂ ಏನ್ ಸಂಬಂಧ? ಗಿರಾಕಿ ಏನೋ ಮನೆ ಪುರಾಣ ಹೇಳ್ಕೊಂಡಿದ್ದಾರೆ. ತೆಗೆದ್ಹಾಕಿ. ಕಾರಣ ಏನಿಲ್ಲ ಅಂತ ಅವರೇ ಹೇಳಿದ್ದಾರಲ್ಲ, ಅಷ್ಟು ಸಾಕು.’

‘ತೆಗೆಯಲ್ಲ,’ ಎಂದ ತಿದ್ದಪ್ಪ.

ಅವನು ಹಾಗೆ ದನಿಯೆತ್ತಿದ್ದನ್ನು ಅವಳು ಕಂಡಿರಲಿಲ್ಲ. ‘ಯಾರೂ ಓದಲ್ಲ ಸಾರ್ ಇದನ್ನ,’ ಎಂದಳು ಮೆತ್ತಗೆ.

‘ಗೊತ್ತು. ಆದ್ರೂ ಇರ್ಲಿ. ಐದು ನಿಮಿಷ ಕೊಡಿ, ಮುಗಿಸ್ತೀನಿ.’

ಅವಳು ಹೋದ ಮೇಲೆ ಅವನು ‘ಅಪ್ಯಾರೆಂಟ್ಲಿ’ ಎಂದು ಬರೆದು ನೋಡಿದ. ಚೆಂದವಾಗಿ ಕೂತಿತು. ಓದಿದವರಿಗೆ ಸಣ್ಣ ನಗು ಬರುವಂತಿತ್ತು. ಆದರೆ ಅದು ತನಗೆ ತಾನೇ ಬರೆದುಕೊಂಡ ಕ್ಷಮಾಪಣೆ, ಅವಳ ಬಾಯಿಗೆ ತುರುಕಿದ್ದು. ಅಳಿಸಿದ. ಅವಳ ಮನಸ್ಸಿನಲ್ಲಿ ಏನಿತ್ತೋ ಅದು ಅವನಿಗೆ ಇನ್ನೆಂದೂ ತಿಳಿಯುವಂತಿಲ್ಲ. ತಿಳಿದಿರುವುದು ಒಂದೇ, ಹೇಳಿದವನು ಯಾರು ಎಂಬುದು. ‘ಹೀ ಟೋಲ್ಡ್ ಮಿ ಹೀ ಕಾಂಟ್ ಫೈಂಡ್ ದ ವರ್ಡ್ಸ್ ವಿತ್ ಮಿ ಸಿಟ್ಟಿಂಗ್ ದೇರ್’ ಎಂದು ಟೈಪು ಮಾಡಿದ. ಓದಿದ. ಅಲ್ಲಾಡಿಸಲು ಒಂದು ಪದವೂ ಉಳಿದಿರಲಿಲ್ಲ. ಅವನು ಇಷ್ಟು ವರ್ಷದಲ್ಲಿ ಮಾಡಿದ ಇಂಗ್ಲಿಷಿನಲ್ಲೆಲ್ಲ ಇಷ್ಟು ಸರಿಯಾದ ಸಾಲು ಬೇರೆ ಇರಲಿಲ್ಲವೆಂದು ನನಗನ್ನಿಸುತ್ತದೆ.

ಮೊದಲಿನಿಂದ ಇನ್ನೊಂದು ಸಲ ಪೂರ್ತಿ ಕೇಳಿದ. ‘ಪೂರ್ತಿ ಕೇಳ್ತಾರಾ?’ ಎಂದು ಸ್ವರ ಕೇಳಿತು. ‘ಕೇಳ್ದೆ ಕಣೇ,’ ಎಂದ ಆ ಖಾಲಿ ಕೋಣೆಯಲ್ಲಿ ಗಟ್ಟಿಯಾಗಿ. ಆಮೇಲೆ ಸಹಿ ಒತ್ತಿದ. ಪರದೆಯ ಮೇಲಿದ್ದ ಧ್ವನಿಯ ಗೆರೆ ಬಲದಿಂದ ಎಡಕ್ಕೆ ಸವೆಯುತ್ತಾ ಹೋಗಿ ಇಲ್ಲವಾಯಿತು.

ಕೆಲಸ ಅಲ್ಲಿಗೆ ಮುಗಿಯುವಂಥದ್ದಲ್ಲ. ಸಾಲಿನಲ್ಲಿದ್ದ ಮುಂದಿನ ಗಿರಾಕಿಯ ತುಣುಕು ತಾನಾಗಿಯೇ ತೆರೆದುಕೊಂಡಿತು. ಬೇರೆ ಅಂಗಡಿ, ಬೇರೆ ಊರಿನ ಹೆಂಗಸು, ಪಾತ್ರೆ ಕೊಳ್ಳಲು ಬಂದವಳು. ಪ್ರಶ್ನೆ ಕೇಳುವ ಹುಡುಗಿ, ಅಂಗಡಿಯವರು ನಿಮ್ಮನ್ನು ಹೇಗೆ ನೋಡಿಕೊಂಡರು ಎಂದು ಕೇಳಿದಳು. ಉತ್ತರ ಬಂದದ್ದು ಅದೇ ಬಾವಿಯ ತಳದಿಂದ, ಅದೇ ತಗ್ಗಿದ ಸ್ವರದಲ್ಲಿ, ಈಗಷ್ಟೇ ಅವನು ಅಳಿಸಿದ ಸ್ವರದಲ್ಲಿ. ಇನ್ನು ಮುಂದೆ ಪ್ರತಿಯೊಬ್ಬಳೂ ಆ ಸ್ವರದಲ್ಲೇ ಮಾತಾಡುತ್ತಾಳೆ ಎಂದು ಅವನಿಗೆ ಆಗ ಹೊಳೆಯಿತು.

‘ತುಂಬ ಹೊತ್ತು ನಿಂತಿದ್ದೆ,’ ಎಂದಿತು ಅದು. ‘ಯಾರೂ ತಿರುಗಿ ನೋಡ್ಲಿಲ್ಲ. ಆಮೇಲೆ ಹೊರಟ್ಬಿಟ್ಟೆ.’

ಅನುವಾದಕಿ ಮಾಡಿದ್ದ ಇಂಗ್ಲಿಷ್ ಸರಿಯಾಗಿಯೇ ಇತ್ತು. ತಿದ್ದಪ್ಪ ಅದರಲ್ಲಿ ಏನನ್ನೂ ತಿದ್ದಲಿಲ್ಲ.